ನೊವ್ರುಜ್ ಖೊಂಚಾ: ಅಜರ್‌ಬೈಜಾನಿ ಮನೆಯ ವಸಂತದ ಹಬ್ಬವನ್ನು ಅಣಿ ಮಾಡುವ ಬಗೆ

ನೊವ್ರುಜ್ ಬರುವುದು ಮಾರ್ಚ್ 20 ಅಥವಾ 21ಕ್ಕೆ, ಹಗಲು ಇರುಳು ಸರಿಸಮವಾಗುವ ದಿನ. ಆದರೆ ಅಜರ್‌ಬೈಜಾನಿ ಮನೆಗಳಲ್ಲಿ ಹಬ್ಬದ ಕೆಲಸ ನಾಲ್ಕು ವಾರ ಮೊದಲೇ ಶುರುವಾಗಿರುತ್ತದೆ. ಹಬ್ಬದ ಹಿಂದಿನ ನಾಲ್ಕು ಮಂಗಳವಾರಗಳಿಗೂ ಒಂದೊಂದು ಹೆಸರು: ಮೊದಲನೆಯದು ನೀರಿನದು, ಎರಡನೆಯದು ಬೆಂಕಿಯದು, ಮೂರನೆಯದು ಗಾಳಿಯದು, ಕೊನೆಯದು ಮಣ್ಣಿನದು. ನೀರಿನ ವಾರ ಮನೆ ತೊಳೆಯುವ ವಾರ. ಮಣ್ಣಿನ ವಾರ ಬರುವ ಹೊತ್ತಿಗೆ ತಟ್ಟೆಯಲ್ಲಿ ಹಸಿರು ಎದ್ದಿರಬೇಕು, ಡಬ್ಬಿಯಲ್ಲಿ ಸಿಹಿ ತುಂಬಿರಬೇಕು.

ಈ ಹಬ್ಬದ ನಡುವೆ ಕೂರುವುದು ಖೊಂಚಾ, ಅಂದರೆ ಹಬ್ಬದ ಹರಿವಾಣ. ಅದರ ಮಧ್ಯದಲ್ಲಿ ಕೆಂಪು ಪಟ್ಟಿ ಕಟ್ಟಿದ ಗೋಧಿ ಪೈರು, ಅದೇ ಸೆಮೆನಿ. ಸುತ್ತ ಶೆಕೆರ್‌ಬುರಾ, ಪಖ್ಲವಾ, ಶೋರ್‌ಗೊಗಾಲ್ ಎಂಬ ತಿನಿಸುಗಳು, ಬಣ್ಣದ ಮೊಟ್ಟೆ, ವಾಲ್‌ನಟ್, ಹೇಜಲ್‌ನಟ್, ಒಣದ್ರಾಕ್ಷಿ, ಮನೆಮಂದಿ ಎಷ್ಟು ಜನವೋ ಅಷ್ಟು ಮೇಣದಬತ್ತಿ. ಅರ್ಧಚಂದ್ರದ ಆಕಾರದ ಶೆಕೆರ್‌ಬುರಾ ಚಂದ್ರ, ವಜ್ರದಾಕಾರದ ಪಖ್ಲವಾ ನಕ್ಷತ್ರ, ದುಂಡನೆಯ ಗೊಗಾಲ್ ಸೂರ್ಯ ಎನ್ನುತ್ತಾರೆ.

ಇಷ್ಟನ್ನೂ ಒಂದು ಹರಿವಾಣದಲ್ಲಿ ಹಿಡಿಸಬಹುದು ಎಂಬುದೇ ಈ ಹಬ್ಬವನ್ನು ಉಳಿಸಿತು. ಸೋವಿಯತ್ ಕಾಲದಲ್ಲಿ ನೊವ್ರುಜ್‌ಗೆ ಬೀದಿಯಲ್ಲಿ ಜಾಗವಿರಲಿಲ್ಲ. 1967ರಲ್ಲಿ ಕಮ್ಯುನಿಸ್ಟ್ ಪಕ್ಷದ ಕಾರ್ಯದರ್ಶಿಯಾಗಿದ್ದ ಶಿಖಲಿ ಗುರ್ಬಾನೊವ್ ಮುತುವರ್ಜಿಯಿಂದ ಬಾಕುವಿನಲ್ಲಿ ಅದು ಬಹಿರಂಗವಾಗಿ ನಡೆಯಿತು. ಅಲ್ಲಿಯವರೆಗೆ ಅದು ಅಡುಗೆಮನೆಯಲ್ಲೇ ಬದುಕಿತ್ತು. ಆಮೇಲೆ ಬಂದದ್ದು ಕರಬಾಖ್ ಪ್ರದೇಶಕ್ಕಾಗಿ ಆರ್ಮೇನಿಯನ್ನರ ಜೊತೆ ನಡೆದ ಯುದ್ಧ. 1992ರ ಮೇ 8ರಂದು ಶುಶಾ, 1993ರ ಜುಲೈ 23ರಂದು ಆಗ್ದಾಮ್ ಪಟ್ಟಣಗಳು ಕೈತಪ್ಪಿದವು. ಕರಬಾಖ್ ಮತ್ತು ಸುತ್ತಲಿನ ಜಿಲ್ಲೆಗಳಿಂದ ಆರು ಲಕ್ಷಕ್ಕೂ ಹೆಚ್ಚು ಅಜರ್‌ಬೈಜಾನಿಗಳು ಮನೆ ಬಿಟ್ಟರು. ಅದಕ್ಕೆ ತುಸು ಮೊದಲು, 1988-90ರಲ್ಲಿ, ಬಾಕು, ಸುಮ್‌ಗಾಯಿತ್, ಗೆಂಜಾಗಳಲ್ಲಿದ್ದ ಆರ್ಮೇನಿಯನ್ನರೂ ಮನೆ ಕಳೆದುಕೊಂಡರು. ಊರು ಬಿಟ್ಟ ಅಜರ್‌ಬೈಜಾನಿಗಳು ರೈಲಿನ ಡಬ್ಬಿ, ಗುಡಾರ, ಹಾಸ್ಟೆಲ್, ಶಾಲೆಯ ಕೋಣೆಗಳಲ್ಲಿ ದಿನ ದೂಡಿದರು. ಕೊನೆಯ ಗುಡಾರ ಶಿಬಿರ ಮುಚ್ಚಿದ್ದು 2007ರಲ್ಲಿ. ಒಂದು ಹಿಡಿ ಗೋಧಿ, ಒಂದು ತಟ್ಟೆ, ಒಂದು ಬಟ್ಟೆ ಸಾಕಾಗುವ ಸೆಮೆನಿ ಅಂಥ ಜಾಗದಲ್ಲೂ ಬೆಳೆಯುತ್ತದೆ. ಹಾಗಾಗಿ ಅದರಿಂದಲೇ ಶುರು ಮಾಡೋಣ.

ಸೆಮೆನಿ ಬೆಳೆಸುವುದು

25 ಸೆಂಟಿಮೀಟರ್ ಅಗಲದ ಒಂದು ತಟ್ಟೆಗೆ 200 ಗ್ರಾಂ ಇಡೀ ಗೋಧಿ ಬೇಕು. ಚಪಾತಿ ಹಿಟ್ಟಿಗೆಂದು ಗಿರಣಿಗೆ ಒಯ್ಯುವ ಗೋಧಿಯೇ ಆಗುತ್ತದೆ, ಆದರೆ ಈ ವರ್ಷದ ಕಾಳಾಗಿರಲಿ. ಸಿಪ್ಪೆ ತೆಗೆದ ಜವೆಗೋಧಿ ಬೇಡ. ಸಿಪ್ಪೆ ಬಿಡಿಸುವಾಗ ಮೊಳಕೆಯ ಮೂತಿಗೆ ಪೆಟ್ಟು ಬಿದ್ದಿರುತ್ತದೆ, ಅರ್ಧ ಕಾಳು ಏಳುವುದೇ ಇಲ್ಲ. ಬಿತ್ತನೆಗೆ ಮಾರುವ ಬಣ್ಣ ಹಚ್ಚಿದ ಬೀಜವನ್ನಂತೂ ಮುಟ್ಟಬಾರದು. ಅದಕ್ಕೆ ಶಿಲೀಂಧ್ರನಾಶಕ ಬಳಿದಿರುತ್ತದೆ, ಹಬ್ಬ ಮುಗಿದ ಮೇಲೆ ಪೈರನ್ನು ಹಸುವಿಗೆ ಹಾಕುವ ಹಾಗೂ ಇರುವುದಿಲ್ಲ.

ಒಡೆದ ಕಾಳು, ಜೊಳ್ಳು ಆರಿಸಿ ತೆಗೆಯಿರಿ. ಒಡೆದ ಒಂದು ಕಾಳು ಕೊಳೆತರೆ ಸುತ್ತಲಿನ ಹತ್ತು ಕಾಳನ್ನು ಕೆಡಿಸುತ್ತದೆ. ಮೂರು ನೀರಿನಲ್ಲಿ ತೊಳೆದು 24 ಗಂಟೆ ನೆನೆಹಾಕಿ, ನಡುವೆ ಎರಡು ಸಲ ನೀರು ಬದಲಿಸಿ. ಬಸಿದು ಒದ್ದೆ ಹತ್ತಿಬಟ್ಟೆಯಲ್ಲಿ ಗಂಟು ಕಟ್ಟಿ ನೆರಳಿನಲ್ಲಿಡಿ. ಒಂದೂವರೆ ಎರಡು ದಿನದಲ್ಲಿ ಬಿಳಿ ಬೇರು ಎರಡು ಮಿಲಿಮೀಟರ್ ಇಣುಕುತ್ತದೆ. ತಟ್ಟೆಗೆ ಹರಡಲು ಅದೇ ಸರಿಯಾದ ಹೊತ್ತು. ಇನ್ನೂ ಒಂದು ದಿನ ಬಿಟ್ಟರೆ ಬೇರುಗಳು ಬಟ್ಟೆಗೆ ಹೆಣೆದುಕೊಳ್ಳುತ್ತವೆ, ಬಿಡಿಸುವಾಗ ಮುರಿಯುತ್ತವೆ.

ತಟ್ಟೆ ಚಪ್ಪಟೆಯಾಗಿರಲಿ. ಕಾಳಿನ ಪದರ ಒಂದು ಸೆಂಟಿಮೀಟರ್ ದಪ್ಪ, ಅದಕ್ಕಿಂತ ಹೆಚ್ಚು ಬೇಡ. ಮೇಲೆ ತೆಳು ಒದ್ದೆಬಟ್ಟೆ ಹೊದಿಸಿ, ದಿನಕ್ಕೆ ಮೂರು ಸಲ ನೀರು ಚಿಮುಕಿಸಿ. ತಟ್ಟೆಯ ತಳದಲ್ಲಿ ನೀರು ನಿಲ್ಲಬಾರದು: ದಿನಕ್ಕೊಮ್ಮೆ ತಟ್ಟೆಯನ್ನು ಓರೆ ಮಾಡಿ ಬಸಿಯಿರಿ. ಸೆಮೆನಿ ಕೆಡುವುದು ಬಹುಮಟ್ಟಿಗೆ ನೀರು ಸಾಲದೆ ಅಲ್ಲ, ನಿಂತ ನೀರಿನಿಂದ. ಚಿಗುರು ಎರಡು ಸೆಂಟಿಮೀಟರ್ ಎದ್ದಾಗ ಬಟ್ಟೆ ತೆಗೆದು ಬೆಳಕಿಗಿಡಿ, ನೇರ ಬಿಸಿಲಿಗಲ್ಲ.

ಮೂರನೆಯ ನಾಲ್ಕನೆಯ ದಿನ ಬೇರಿನ ಸುತ್ತ ಬಿಳಿ ನವಿರು ಕಂಡು ಬೂಷ್ಟು ಬಂತೆಂದು ತಟ್ಟೆಯನ್ನೇ ಚೆಲ್ಲುವವರಿದ್ದಾರೆ. ನೀರು ಚಿಮುಕಿಸಿ ನೋಡಿ. ನವಿರು ಬೇರಿಗೆ ಅಂಟಿ ಮಾಯವಾದರೆ ಅದು ಬೇರುಗೂದಲು, ಆರೋಗ್ಯದ ಲಕ್ಷಣ. ಜೇಡರಬಲೆಯ ಹಾಗೆ ಕಾಳಿನಿಂದ ಕಾಳಿಗೆ ಹಬ್ಬಿ, ಬೂದುಬಣ್ಣಕ್ಕೆ ತಿರುಗಿ, ಮುಗ್ಗಲು ವಾಸನೆ ಬಂದರೆ ಮಾತ್ರ ಬೂಷ್ಟು. ಆಗ ಆ ಭಾಗವನ್ನು ಚಮಚದಲ್ಲಿ ಕೆತ್ತಿ ತೆಗೆದು, ಉಳಿದದ್ದನ್ನು ಗಾಳಿಯಾಡುವಲ್ಲಿ ಇಡಿ.

ಬಾಕುವಿನ ಫೆಬ್ರವರಿ, ಮಾರ್ಚ್ ಚಳಿಯಲ್ಲಿ ಪೈರು 10-12 ಸೆಂಟಿಮೀಟರ್ ಆಗಲು ಎರಡು ವಾರ ಬೇಕು. ಬೆಂಗಳೂರಿನ ಮಾರ್ಚ್ ಬಿಸಿಲಲ್ಲಿ ಎಂಟು ಹತ್ತು ದಿನ ಸಾಕು. ನಾಲ್ಕು ವಾರ ಮೊದಲೇ ಬಿತ್ತಿದರೆ ಹಬ್ಬದ ಹೊತ್ತಿಗೆ ಪೈರು ಹಳದಿಯಾಗಿ ಬಾಗಿರುತ್ತದೆ. ಇಲ್ಲಿರುವವರು ಮಾರ್ಚ್ 8ರ ಸುಮಾರಿಗೆ ನೆನೆಹಾಕಿ, ಮನೆಯ ಅತ್ಯಂತ ತಂಪಾದ ಮೂಲೆಯಲ್ಲಿ ಇಡಬೇಕು. ನವರಾತ್ರಿಗೆ ಸಸಿ ಹಾಕಿದವರ ಕೈಗೆ ಈ ಕೆಲಸ ಹೊಸದಾಗದು. ಪೈರು ಎದ್ದ ಮೇಲೆ ನಡುವಿಗೆ ಕೆಂಪು ರಿಬ್ಬನ್ ಸಡಿಲವಾಗಿ ಕಟ್ಟಿ. ಬಿಗಿದರೆ ಮಧ್ಯದ ಎಲೆಗಳು ಉಸಿರುಗಟ್ಟಿ ಬಾಡುತ್ತವೆ. ಕಟ್ಟುವಾಗ ಹೇಳುವ ಮಾತು: "ಸೆಮೆನಿ, ಸಾಖ್ಲಾ ಮೆನಿ, ಇಲ್ದೆ ಗೊಯೆರ್ದೆರೆಮ್ ಸೆನಿ". ಸೆಮೆನಿಯೇ, ನನ್ನನ್ನು ಕಾಯಿ, ವರುಷ ವರುಷವೂ ನಿನ್ನನ್ನು ಹಸಿರಾಗಿಸುತ್ತೇನೆ.

ಗೋಧಿ ಈ ಜನಕ್ಕೆ ಎಂಥದ್ದು ಎಂದು ಹೇಳಲು ಆಗ್ದಾಮ್ ನೆನಪಾಗುತ್ತದೆ. 1983ರಲ್ಲಿ ಅಲ್ಲಿ ಹಳೆಯ ಹಿಟ್ಟಿನ ಗಿರಣಿಯೊಂದನ್ನು ರೊಟ್ಟಿಯ ಮ್ಯೂಸಿಯಂ ಮಾಡಿದ್ದರು: ಕಾಳುಗಳು, ಬೀಸುವ ಕಲ್ಲು, ಉಳುವ ಸಲಕರಣೆ, ಬಗೆಬಗೆಯ ರೊಟ್ಟಿ. 1990ರ ದಶಕದ ಆ ಮೊದಲ ಕರಬಾಖ್ ಯುದ್ಧದಲ್ಲಿ ಅದು ಶೆಲ್ ದಾಳಿಗೆ ಸಿಕ್ಕಿ ಹಾಳಾಯಿತು.

ಮೊಟ್ಟೆಗೆ ಬಣ್ಣ

ಇದು ಸುಲಭ. ಹತ್ತು ಈರುಳ್ಳಿಯ ಒಣಸಿಪ್ಪೆಯನ್ನು ಒಂದು ಲೀಟರ್ ನೀರಿನಲ್ಲಿ 20 ನಿಮಿಷ ಕುದಿಸಿ, ತಣಿಸಿ, ಒಂದು ಚಮಚ ಉಪ್ಪು ಹಾಕಿ ಮೊಟ್ಟೆಯನ್ನು ಅದರಲ್ಲೇ 10 ನಿಮಿಷ ಬೇಯಿಸಿ. ಫ್ರಿಜ್‌ನಿಂದ ತೆಗೆದ ಮೊಟ್ಟೆಯನ್ನು ಬಿಸಿನೀರಿಗೆ ಬಿಟ್ಟರೆ ಬಿರಿಯುತ್ತದೆ. ಒರೆಸಿ, ಒಂದು ಹನಿ ಎಣ್ಣೆ ಸವರಿದರೆ ಕೆಂಗಂದು ಬಣ್ಣ ಮಿನುಗುತ್ತದೆ. ಮಕ್ಕಳು ಮೊಟ್ಟೆಗೆ ಮೊಟ್ಟೆ ಕುಟ್ಟಿ ಪಂದ್ಯ ಆಡುತ್ತಾರೆ, ಒಡೆದ ಮೊಟ್ಟೆ ಗೆದ್ದವರಿಗೆ. ಹಾಗಾಗಿ ಲೆಕ್ಕಕ್ಕಿಂತ ಆರೇಳು ಹೆಚ್ಚೇ ಬೇಯಿಸಿ.

ಶೆಕೆರ್‌ಬುರಾ

ನೋಡಲು ನಮ್ಮ ಕರ್ಜಿಕಾಯಿಯ ಅಕ್ಕನಂತಿದೆ. ಆದರೆ ಕರಿಯುವುದಿಲ್ಲ, ಬೇಯಿಸುವುದು ಓವನ್‌ನಲ್ಲಿ. ಹಬ್ಬದ ಸಿಹಿಗಳಲ್ಲಿ ಕೈಕೆಲಸ ಹೆಚ್ಚು ಬೇಡುವುದು ಇದೇ. ಅದಕ್ಕೇ ನೆರೆಮನೆಯ ಹೆಂಗಸರೆಲ್ಲ ಒಂದು ಮನೆಯಲ್ಲಿ ಸೇರಿ ಮಾಡುವ ರೂಢಿ.

ಮೂವತ್ತು ತುಂಡಿಗೆ ಕಣಕ: ಮೈದಾ 500 ಗ್ರಾಂ, ತಣ್ಣನೆಯ ಬೆಣ್ಣೆ 200 ಗ್ರಾಂ, ಮೂರು ಮೊಟ್ಟೆಯ ಹಳದಿ, ಹುಳಿಕೆನೆ 125 ಗ್ರಾಂ, ಉಗುರುಬೆಚ್ಚಗಿನ ಹಾಲು 50 ಮಿಲಿಲೀಟರ್, ಒಣ ಯೀಸ್ಟ್ ಒಂದು ಟೀ ಚಮಚ, ಚಿಟಿಕೆ ಉಪ್ಪು. ಹುಳಿಕೆನೆ ಸಿಗದಿದ್ದರೆ ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿದ ಗಟ್ಟಿಮೊಸರಿಗೆ ಎರಡು ಚಮಚ ಕೆನೆ ಬೆರೆಸಿ. ಹೂರಣಕ್ಕೆ: ಬಾದಾಮಿ ಅಥವಾ ಹೇಜಲ್‌ನಟ್ 250 ಗ್ರಾಂ, ಸಕ್ಕರೆ 250 ಗ್ರಾಂ, ಏಲಕ್ಕಿಪುಡಿ ಒಂದು ಟೀ ಚಮಚ. ಸಕ್ಕರೆ ಹೆಚ್ಚಾಯಿತೆಂದು ತೋರಬಹುದು. ಕಣಕಕ್ಕೆ ಸಕ್ಕರೆ ಹಾಕುವುದೇ ಇಲ್ಲವಾದ್ದರಿಂದ ಹೂರಣದಲ್ಲಿ ಇಷ್ಟು ಬೇಕು.

ಬಾದಾಮಿಯನ್ನು ಬಿಸಿನೀರಿಗೆ ಹಾಕಿ ಸಿಪ್ಪೆ ಸುಲಿದ ಮೇಲೆ ಪೂರ್ತಿ ಒಣಗಿಸಿ. 100 ಡಿಗ್ರಿ ಓವನ್‌ನಲ್ಲಿ 20 ನಿಮಿಷ ಇಟ್ಟು ತಣ್ಣಗಾಗಲು ಬಿಡಿ. ಹಸಿಯಿದ್ದಾಗ ಅರೆದರೆ ಚಟ್ನಿಯಾಗುತ್ತದೆ, ಬಿಸಿಯಿದ್ದಾಗ ಅರೆದರೆ ಎಣ್ಣೆ ಬಿಡುತ್ತದೆ. ಮಿಕ್ಸಿಯನ್ನು ತಡೆತಡೆದು ತಿರುಗಿಸಿ. ಸಣ್ಣ ರವೆಯ ಹದ ಬಂದರೆ ಸಾಕು. ಸಕ್ಕರೆ, ಏಲಕ್ಕಿ ಆಮೇಲೆ ಬೆರೆಸಿ.

ಮೈದಾಕ್ಕೆ ಬೆಣ್ಣೆಯನ್ನು ಬೆರಳತುದಿಯಿಂದ ಉಜ್ಜಿ ಪುಡಿಪುಡಿ ಮಾಡಿ. ಹಾಲಿನಲ್ಲಿ ಕರಗಿಸಿದ ಯೀಸ್ಟ್, ಹಳದಿ, ಹುಳಿಕೆನೆ ಸೇರಿಸಿ ಮೆತ್ತಗೆ ಕಲಸಿ. ಕಿವಿಯ ಹಾಲೆಯಷ್ಟು ಮೃದುವಾಗಿರಬೇಕು. ಮುಚ್ಚಿ ಅರ್ಧ ಗಂಟೆ ಬಿಡಿ. ಇಲ್ಲಿ ಯೀಸ್ಟ್ ಇರುವುದು ಕಣಕ ಸಡಿಲವಾಗಲಿ ಎಂದು, ಉಬ್ಬಲಿ ಎಂದಲ್ಲ. ಎರಡು ಗಂಟೆ ಮರೆತುಬಿಟ್ಟರೆ ಹಿಟ್ಟು ಉಬ್ಬಿ, ಮೇಲೆ ಕೊರೆದ ಚಿತ್ತಾರವೆಲ್ಲ ಓವನ್‌ನಲ್ಲಿ ಅಳಿಸಿಹೋಗುತ್ತದೆ. ಸೆಕೆಯ ದಿನವಾದರೆ ಅರ್ಧ ಹಿಟ್ಟನ್ನು ಫ್ರಿಜ್‌ನಲ್ಲಿಟ್ಟು ಉಳಿದರ್ಧ ಮುಗಿಸಿಕೊಳ್ಳಿ.

ಮೂವತ್ತು ಗ್ರಾಂನ ಉಂಡೆ ಮಾಡಿ, ಹತ್ತು ಸೆಂಟಿಮೀಟರ್ ಅಗಲಕ್ಕೆ, ಮೂರು ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ. ಒಂದು ದೊಡ್ಡ ಚಮಚ ಹೂರಣ ಇಟ್ಟು ಮಡಿಚಿ, ಅಂಚು ಒತ್ತಿ. ಬಳಿಕ ಹೆಬ್ಬೆರಳು ತೋರುಬೆರಳ ನಡುವೆ ಅಂಚನ್ನು ಚೂರು ಹಿಂಡಿ, ಮಡಿಸಿ, ಮತ್ತೆ ಹಿಂಡುತ್ತಾ ಹಗ್ಗದ ಹೆಣಿಗೆಯಂತೆ ಕೊನೆಯವರೆಗೆ ಸಾಗಿ. ಓವನ್‌ನಲ್ಲಿ ಬಾಯಿಬಿಡುವುದಕ್ಕೆ ಕಾರಣ ಎರಡೇ: ಅಂಚಿಗೆ ಒಣಹಿಟ್ಟು ಅಥವಾ ಸಕ್ಕರೆ ತಗುಲಿರುತ್ತದೆ, ಇಲ್ಲವೇ ಹೂರಣ ಅತಿಯಾಗಿರುತ್ತದೆ.

ಚಿತ್ತಾರ ಬಿಡಿಸಲು ಮಗ್ಗಾಶ್ ಎಂಬ ಹಲ್ಲಿನ ಚಿಮಟ ಬಳಸುತ್ತಾರೆ. ಮೇಲ್ಮೈಯನ್ನು ಓರೆಯಾಗಿ ಚಿವುಟುತ್ತಾ ಒಂದು ಸಾಲು, ಅದರ ಪಕ್ಕದಲ್ಲಿ ಎದುರು ದಿಕ್ಕಿಗೆ ಓರೆಯಾಗಿ ಇನ್ನೊಂದು ಸಾಲು. ಎರಡೂ ಸೇರಿದಾಗ ಗೋಧಿ ತೆನೆ ಮೂಡುತ್ತದೆ. ಮಗ್ಗಾಶ್ ಇಲ್ಲದವರು ಹುಬ್ಬು ತೀಡುವ ಅಗಲ ಬಾಯಿಯ ಹೊಸ ಚಿಮಟದಲ್ಲಿ ಮಾಡಬಹುದು. ಚಿವುಟು ಹಿಟ್ಟಿನ ಅರ್ಧ ದಪ್ಪಕ್ಕೆ ಇಳಿದರೆ ಸಾಕು. ಆಚೆ ತೂರಿದರೆ ಸಕ್ಕರೆ ಕರಗಿ ಆ ತೂತಿನಿಂದ ಸೋರಿ ಕಪ್ಪಾಗುತ್ತದೆ.

160 ಡಿಗ್ರಿಯಲ್ಲಿ 20ರಿಂದ 25 ನಿಮಿಷ. ಮೇಲ್ಭಾಗ ಕೆನೆಬಣ್ಣದಲ್ಲೇ ಉಳಿಯಬೇಕು, ತಳ ಮಾತ್ರ ತುಸು ಹೊಂಬಣ್ಣಕ್ಕೆ ತಿರುಗಬೇಕು. ಕಂದಾದ ಶೆಕೆರ್‌ಬುರಾ ಗಟ್ಟಿಯಾಗುತ್ತದೆ, ಚಿತ್ತಾರವೂ ಕಾಣದು. ಆರಿದ ಮೇಲೆ ಡಬ್ಬಿಗೆ ಹಾಕಿ. ಎರಡನೆಯ ದಿನದ ರುಚಿಯೇ ಮೇಲು.

ಪಖ್ಲವಾ ಊರಿಗೊಂದು ಬಗೆ. ಬಾಕುವಿನದು ಪದರ ಪದರದ್ದು, ಶೆಕಿಯದು ಅಕ್ಕಿಹಿಟ್ಟಿನ ಜಾಲರಿಯದ್ದು. ಶೆಕಿಯದನ್ನು ಮನೆಯಲ್ಲಿ ಮಾಡಲು ಹೋಗಬೇಡಿ, ಅದು ಕಸುಬುದಾರರ ಕೆಲಸ. ಶೋರ್‌ಗೊಗಾಲ್ ಅರಿಶಿನ, ಸೋಂಪು ತುಂಬಿದ ಉಪ್ಪಿನ ತಿನಿಸು. ಅಷ್ಟೊಂದು ಸಿಹಿಯ ನಡುವೆ ಚಹಾದ ಜೊತೆ ನಾಲಿಗೆಗೆ ಅದೇ ಬೇಕೆನಿಸುತ್ತದೆ. ಚಹಾವನ್ನು ಅರ್ಮುದು ಎಂಬ ಸೊಂಟ ಕಿರಿದಾದ ಲೋಟದಲ್ಲಿ, ಹಾಲಿಲ್ಲದೆ ಕೊಡಬೇಕು.

ಹಬ್ಬದ ಪ್ಲೋವ್

ಅಜರ್‌ಬೈಜಾನಿ ಪ್ಲೋವ್‌ನಲ್ಲಿ ಅನ್ನವೂ ಅದರ ಜೊತೆಯ ಪದಾರ್ಥವೂ ಬೇರೆ ಬೇರೆ ಬೇಯುತ್ತವೆ, ತಟ್ಟೆಯಲ್ಲಿ ಮಾತ್ರ ಸೇರುತ್ತವೆ. ಜೊತೆಯದ್ದಕ್ಕೆ ಗಾರಾ ಎಂದು ಹೆಸರು. ನಮ್ಮ ಪಲಾವಿನ ಅಭ್ಯಾಸದಲ್ಲಿ ಎರಡನ್ನೂ ಒಂದೇ ಪಾತ್ರೆಗೆ ಸುರಿದರೆ ಅದು ಬೇರೆ ಅಡುಗೆಯಾಗುತ್ತದೆ.

ಆರು ಜನಕ್ಕೆ ಹಳೆಯ ಬಾಸ್ಮತಿ 500 ಗ್ರಾಂ. ನೀರು ತಿಳಿಯಾಗುವವರೆಗೆ ತೊಳೆದು, ಎರಡು ದೊಡ್ಡ ಚಮಚ ಉಪ್ಪು ಹಾಕಿದ ನೀರಿನಲ್ಲಿ ಒಂದು ಗಂಟೆ ನೆನೆಸಿ. ಕಾಲು ಗ್ರಾಂ ಕೇಸರಿಯನ್ನು ಚಿಟಿಕೆ ಸಕ್ಕರೆಯೊಂದಿಗೆ ಕುಟ್ಟಿ, 60 ಮಿಲಿಲೀಟರ್ ಬಿಸಿನೀರಿಗೆ ಹಾಕಿ ಮುಚ್ಚಿಡಿ. ನೀರು ಕುದಿಯುತ್ತಿರಬಾರದು, ಕುದಿದರೆ ಕೇಸರಿಯ ಕಂಪು ಹಾರಿಹೋಗುತ್ತದೆ. ಬಾಕುವಿನ ಸುತ್ತಲಿನ ಅಬ್ಶೆರಾನ್‌ನಲ್ಲಿ ಕೇಸರಿ ಬೆಳೆಯುತ್ತಾರೆ. ಇಲ್ಲಿಯವರಿಗೆ ಕಾಶ್ಮೀರದ್ದು ಚೆನ್ನಾಗಿಯೇ ಒಪ್ಪುತ್ತದೆ.

ಮೂರು ಲೀಟರ್ ನೀರಿಗೆ ಮೂರು ದೊಡ್ಡ ಚಮಚ ಉಪ್ಪು ಹಾಕಿ ಕುದಿಸಿ, ಬಸಿದ ಅಕ್ಕಿ ಸುರಿಯಿರಿ. ಐದನೆಯ ನಿಮಿಷದಿಂದ ಒಂದೊಂದು ಅಗುಳು ಹಿಸುಕಿ ನೋಡುತ್ತಿರಿ. ಹೊರಗೆ ಮೆತ್ತಗಾಗಿ ನಡುವೆ ಸೂಜಿಮೊನೆಯಷ್ಟು ಗಟ್ಟಿ ಉಳಿದಾಗ ತಕ್ಷಣ ಬಸಿಯಿರಿ. ಒಂದು ನಿಮಿಷ ತಡವಾದರೂ ಕೊನೆಗೆ ಅನ್ನ ಮುದ್ದೆಯಾಗುತ್ತದೆ, ಆಮೇಲೆ ಏನು ಮಾಡಿದರೂ ಸರಿಹೋಗದು.

ಪಾತ್ರೆಯ ತಳದಲ್ಲಿ ಗರಿಯಾಗುವ ಹೊರಪದರವೇ ಗಜ್ಮಾಗ್. ಒಂದು ಮೊಟ್ಟೆ, ಎರಡು ಚಮಚ ಗಟ್ಟಿಮೊಸರು, ಒಂದು ಬಟ್ಟಲು ಬಸಿದ ಅನ್ನ, ಒಂದು ಚಮಚ ಕೇಸರಿನೀರು ಕಲಸಿ. ದಪ್ಪತಳದ ಪಾತ್ರೆಯಲ್ಲಿ ಮೂರು ಚಮಚ ತುಪ್ಪ ಕಾಯಿಸಿ ಇದನ್ನು ಸಮನಾಗಿ ಹರಡಿ. ಮೊಟ್ಟೆ ತಿನ್ನದವರು ತೆಳುವಾಗಿ ಹೆಚ್ಚಿದ ಆಲೂಗಡ್ಡೆ ಬಿಲ್ಲೆ ಜೋಡಿಸಲಿ. ಮೇಲೆ ಉಳಿದ ಅನ್ನವನ್ನು ಗುಡ್ಡದಂತೆ ಪೇರಿಸಿ, ಒತ್ತಬೇಡಿ. ಚಮಚದ ಹಿಡಿಯಿಂದ ನಾಲ್ಕೈದು ತೂತು ಮಾಡಿ, ಕರಗಿದ ತುಪ್ಪ 100 ಗ್ರಾಂ ಸುತ್ತ ಸುರಿಯಿರಿ. ಮುಚ್ಚಳಕ್ಕೆ ಬಟ್ಟೆ ಸುತ್ತಿ ಮುಚ್ಚಿ. ಹಬೆಯ ನೀರು ಅನ್ನಕ್ಕೆ ತೊಟ್ಟಿಕ್ಕಬಾರದು. ಮಧ್ಯಮ ಉರಿಯಲ್ಲಿ ಆರು ನಿಮಿಷ, ಆಮೇಲೆ ಪಾತ್ರೆಯ ಕೆಳಗೆ ದೋಸೆ ಕಾವಲಿ ಇಟ್ಟು ಅತಿ ಸಣ್ಣ ಉರಿಯಲ್ಲಿ 50 ನಿಮಿಷ. ತೆಳು ಅಲ್ಯೂಮಿನಿಯಂ ಪಾತ್ರೆಯಲ್ಲಿ ಗಜ್ಮಾಗ್ ನಡುವೆ ಕರಿಕಾಗಿ ಅಂಚಿನಲ್ಲಿ ಹಸಿಯಾಗಿಯೇ ಉಳಿಯುತ್ತದೆ. ಹತ್ತು ನಿಮಿಷ ಇರುವಾಗ ಕೇಸರಿನೀರಿನ ಅರ್ಧವನ್ನು ಒಂದೇ ಬದಿಗೆ ಸುರಿಯಿರಿ. ಬಡಿಸುವಾಗ ಬಿಳಿ ಅನ್ನದ ಮೇಲೆ ಆ ಹೊನ್ನಗುಳುಗಳು ಎದ್ದು ಕಾಣುತ್ತವೆ.

ಸಿಹಿ ಗಾರಾಕ್ಕೆ ಒಣ ಏಪ್ರಿಕಾಟ್ 150 ಗ್ರಾಂ, ಒಣದ್ರಾಕ್ಷಿ 100 ಗ್ರಾಂ, ಆಲೂಬುಖಾರ 100 ಗ್ರಾಂ, ಬೇಯಿಸಿ ಸುಲಿದ ಚೆಸ್ಟ್‌ನಟ್ 150 ಗ್ರಾಂ, ತುಪ್ಪ 50 ಗ್ರಾಂ. ಚೆಸ್ಟ್‌ನಟ್ ಸಿಗದಿದ್ದರೆ ಬಿಟ್ಟುಬಿಡಿ, ಅದರ ಜಾಗಕ್ಕೆ ಶೇಂಗಾ ತರಬೇಡಿ. ಲಡಾಖಿನ ಗಟ್ಟಿ ಏಪ್ರಿಕಾಟ್ ಆದರೆ ನಾಲ್ಕು ಗಂಟೆ ನೆನೆಸಿ ಬೀಜ ತೆಗೆಯಬೇಕು. ಮೆತ್ತನೆಯ ಕಿತ್ತಳೆ ಬಣ್ಣದ್ದಕ್ಕೆ ಹತ್ತು ನಿಮಿಷ ಸಾಕು. ಎಲ್ಲವನ್ನೂ ಒರೆಸಿ, ಸಣ್ಣ ಉರಿಯಲ್ಲಿ ತುಪ್ಪದಲ್ಲಿ ಐದಾರು ನಿಮಿಷ ಹೊರಳಿಸಿ. ಆಲೂಬುಖಾರವನ್ನು ಕೊನೆಗೆ ಹಾಕಿ, ಬೇಗ ಕರಗುತ್ತದೆ. ಉಳಿದ ಕೇಸರಿನೀರು ಇದಕ್ಕೆ. ಮಾಂಸ ತಿನ್ನುವವರು ಈರುಳ್ಳಿಯೊಂದಿಗೆ ಹುರಿದ ಕುರಿಮಾಂಸ ಸೇರಿಸುತ್ತಾರೆ.

ಬೆಂಕಿ, ಸಮಾಧಿ, ನೆಲ

ಇಲ್ಲಿಯವರೆಗಿನದೆಲ್ಲ ಯಾವ ಬಾಡಿಗೆ ಕೋಣೆಯಲ್ಲೂ ಆಗುವಂಥದ್ದು. ಮುಂದಿನ ಎರಡಕ್ಕೆ ನೆಲ ಬೇಕು.

ಮಂಗಳವಾರದ ಸಂಜೆಗಳಲ್ಲಿ, ಅದರಲ್ಲೂ ಕೊನೆಯ ಮಂಗಳವಾರ, ತೊಂಗಾಲ್ ಎಂಬ ಬೆಂಕಿ ಹಾಕುತ್ತಾರೆ. ಒಂದೇ ಬೆಂಕಿಯನ್ನು ಏಳು ಸಲ, ಅಥವಾ ಏಳು ಬೆಂಕಿಗಳನ್ನು ಒಂದೊಂದು ಸಲ ಹಾರಬೇಕು. ನನ್ನ ಭಾರ ಈ ಬೆಂಕಿಯಲ್ಲಿ ಉರಿದುಹೋಗಲಿ ಎಂದು ಹೇಳಿಕೊಳ್ಳುತ್ತಾರೆ. ಒಣಕಟ್ಟಿಗೆ ಮೊಣಕಾಲೆತ್ತರಕ್ಕಿಂತ ಕೆಳಗಿರಲಿ. ಟೈರು, ಸೀಮೆಎಣ್ಣೆ ಬೇಡ. ಹಾರುವವರು ಹತ್ತಿ ಅಥವಾ ಉಣ್ಣೆ ಬಟ್ಟೆ ತೊಡಲಿ, ದುಪಟ್ಟಾ ಬಿಗಿದು ಕಟ್ಟಲಿ, ಎಲ್ಲರೂ ಒಂದೇ ದಿಕ್ಕಿನಿಂದ ಹಾರಲಿ. ನೆಲದೊಳಗಿನ ಅನಿಲದಿಂದ ತಾನಾಗಿ ಬೆಂಕಿ ಏಳುವ ನಾಡು ಅದು. ಬಾಕುವಿನ ಪಕ್ಕದ ಸುರಾಖಾನಿಯ ಅತೇಶ್‌ಗಾಹ್ ಅಗ್ನಿಗುಡಿಯ ಗೋಡೆಗಳಲ್ಲಿ, ಅಲ್ಲಿಗೆ ವ್ಯಾಪಾರಕ್ಕೆ ಹೋದ ಹಿಂದೂಸ್ಥಾನದವರು ದೇವನಾಗರಿ, ಗುರುಮುಖಿ ಲಿಪಿಗಳಲ್ಲಿ ಕೆತ್ತಿಸಿದ ಶಾಸನಗಳಿವೆ. ಅಲ್ಲಿಯ ಸಹಜ ಜ್ವಾಲೆ 1969ರಲ್ಲಿ ಆರಿತು. ಈಗ ಉರಿಯುವುದು ಕೊಳವೆಯ ಅನಿಲ.

ಹಬ್ಬಕ್ಕೆ ಮೊದಲು ಹಿರಿಯರ ಸಮಾಧಿಗೆ ಹೋಗಿ, ಕಲ್ಲು ತೊಳೆದು ಬರಬೇಕು. ಆ ವರ್ಷ ಸಾವಾದ ಮನೆಯಲ್ಲಿ ನೊವ್ರುಜ್ ಕರಿಹಬ್ಬ. ನೆಂಟರು ಮೊದಲು ಅಲ್ಲಿಗೇ ಹೋಗುತ್ತಾರೆ. ಕರಬಾಖ್‌ನಿಂದ ಹೊರಟವರು ಸುಮಾರು ಮೂವತ್ತು ವರ್ಷ ಮಾಡಲಾಗದೆ ಉಳಿದದ್ದು ಇದೊಂದನ್ನೇ. 2020ರ ಸೆಪ್ಟೆಂಬರ್ 27ರಿಂದ ನವೆಂಬರ್ 10ರವರೆಗಿನ ಯುದ್ಧದ ಬಳಿಕ ಶುಶಾ, ಆಗ್ದಾಮ್, ಕೆಲ್ಬಜಾರ್, ಲಾಚಿನ್ ಅಜರ್‌ಬೈಜಾನಿನ ಕೈಗೆ ಮರಳಿ ಬಂದವು. 2021ರ ಮಾರ್ಚ್‌ನಲ್ಲಿ ಶುಶಾದಲ್ಲಿ ನೊವ್ರುಜ್ ಬೆಂಕಿ ಮತ್ತೆ ಉರಿಯಿತು. ಆದರೆ ನೆಲದ ತುಂಬ ನೆಲಬಾಂಬು. 2021ರ ಜೂನ್‌ನಲ್ಲಿ ಆರ್ಮೇನಿಯಾ ಹಸ್ತಾಂತರಿಸಿದ ನಕ್ಷೆಗಳಲ್ಲಿ ಆಗ್ದಾಮ್ ಜಿಲ್ಲೆಯ 97,000 ನೆಲಬಾಂಬುಗಳ ಗುರುತಿತ್ತು. ಸಮಾಧಿ ನೋಡಲು ಆತುರದಲ್ಲಿ ಹೋದವರೇ ಸತ್ತದ್ದುಂಟು.

ಹಾಗಾಗಿ ಹಬ್ಬಕ್ಕೆ ಆ ಕಡೆ ಪಯಣಿಸುವವರಿಗೆ ನಿಯಮ ಕಟ್ಟುನಿಟ್ಟು. ಡಾಂಬರು ರಸ್ತೆ ಬಿಟ್ಟು ಕಾಲಿಡಬೇಡಿ. ಕೆಂಪು ತಲೆಬುರುಡೆಯ ಫಲಕ ಇಲ್ಲವೆಂದ ಮಾತ್ರಕ್ಕೆ ಜಾಗ ಶುದ್ಧವಲ್ಲ. ಶುದ್ಧವೆಂದು ಹೇಳಿ ಬಿಟ್ಟುಕೊಟ್ಟ ಜಾಗದಲ್ಲಿ ಮಾತ್ರ ಬೆಂಕಿ ಹಾಕಿ. ಹುಲ್ಲಿಗೆ ಕಿಡಿ ಬಿದ್ದು ಹರಡಿದರೆ ಹೂತಿರುವುದು ಸಿಡಿಯಬಹುದು. ಮಳೆಗೆ, ಇಳಿಜಾರಿನಲ್ಲಿ ಬಾಂಬು ಜಾಗ ಬದಲಿಸುತ್ತದೆ, ನಿನ್ನೆಯ ಕಾಲುದಾರಿ ಇಂದಿನದಲ್ಲ.

2022ರ ಜುಲೈಯಲ್ಲಿ ಜಂಗಿಲಾನ್ ಜಿಲ್ಲೆಯ ಅಘಾಲಿ ಹಳ್ಳಿಗೆ ಮೊದಲ ಕುಟುಂಬಗಳು ಮರಳಿದವು. ಆಮೇಲೆ ಲಾಚಿನ್, ಫುಜುಲಿ, ಶುಶಾಗಳಿಗೂ ಜನ ಬಂದರು. ಹೊಸ ಮನೆಗಳು ಬೆಳ್ಳಗೆ, ಸಾಲಾಗಿ, ಒಂದೇ ಥರ ಇವೆ. 2023ರ ಸೆಪ್ಟೆಂಬರ್‌ನಲ್ಲಿ ಅಜರ್‌ಬೈಜಾನ್ ಸೇನೆ ನಡೆಸಿದ ಕಾರ್ಯಾಚರಣೆಯ ಬಳಿಕ ಒಂದು ಲಕ್ಷಕ್ಕೂ ಹೆಚ್ಚು ಕರಬಾಖ್ ಆರ್ಮೇನಿಯನ್ನರು ಕೆಲವೇ ದಿನಗಳಲ್ಲಿ ಊರು ತೊರೆದರು ಎಂಬುದನ್ನೂ ಇದರ ಜೊತೆಯಲ್ಲೇ ಹೇಳಬೇಕು. ಅವರ ಹಿರಿಯರ ಸಮಾಧಿಗಳೂ ಅದೇ ನೆಲದಲ್ಲಿವೆ.

ಹಬ್ಬದ ಸಂಜೆ

ದೀಪ ಹಚ್ಚಿದ ಮೇಲೆ ಮನೆ ಬಾಗಿಲಿಗೆ ಅಗುಳಿ ಹಾಕಬೇಡಿ. ಮಕ್ಕಳು ಟೋಪಿಯನ್ನು ಹೊಸ್ತಿಲಿಗೆ ಎಸೆದು ಅಡಗಿಕೊಳ್ಳುತ್ತಾರೆ. ಅದರಲ್ಲಿ ಸಿಹಿ, ವಾಲ್‌ನಟ್, ಮೊಟ್ಟೆ ತುಂಬಿ ಹೊರಗಿಡಬೇಕು. ಯಾರು ಎಸೆದರೆಂದು ಹಿಂಬಾಲಿಸಿ ನೋಡಬಾರದು. ಅದೇ ಸಂಜೆ ಪಕ್ಕದ ಮನೆಯ ಬಾಗಿಲಲ್ಲಿ ನಿಂತು ಒಳಗಿನ ಮಾತಿಗೆ ಕಿವಿಗೊಟ್ಟು, ಮೊದಲು ಕೇಳಿದ ಮಾತಿನಿಂದ ವರ್ಷದ ಶಕುನ ತಿಳಿಯುವ ರೂಢಿಯೂ ಇದೆ. ಅದಕ್ಕೇ ಆ ರಾತ್ರಿ ಮನೆಯಲ್ಲಿ ಯಾರೂ ಕೆಟ್ಟ ಮಾತಾಡುವುದಿಲ್ಲ.

ಹಬ್ಬ ಮುಗಿದು ಸೆಮೆನಿ ಹಳದಿಗೆ ತಿರುಗಿದಾಗ ಕಸದ ಬುಟ್ಟಿಗೆ ಹಾಕಬಾರದು. ರಿಬ್ಬನ್ ಬಿಚ್ಚಿ ಮುಂದಿನ ವರ್ಷಕ್ಕೆ ಎತ್ತಿಡಿ. ಪೈರನ್ನು ಬೇರಿನ ಚಾಪೆಯ ಸಮೇತ ತಟ್ಟೆಯಿಂದ ಎಬ್ಬಿಸಿ ಹರಿಯುವ ನೀರಿಗೆ ಬಿಡಿ, ಇಲ್ಲವೇ ಗಿಡದ ಬುಡದಲ್ಲಿ ಬೇರು ಕೆಳಗೆ ಮಾಡಿ ಮಣ್ಣು ಮುಚ್ಚಿ.